ಕದ್ದದ್ದು ಕೈಯಲ್ಲೇ ಇದ್ದರೆ ಪಶ್ಚಾತ್ತಾಪ ಮುಗಿಯದು

ಮಾನ್ಯ ಸಂಪಾದಕರೆ,

‘ಕ್ರೈಸ್ತರಿಗೇನು ಬಿಡಿ, ಆರು ದಿನ ಪಾಪ ಮಾಡಿ ಏಳನೇ ದಿನ ಪಾದ್ರಿಯ ಕಿವಿಗೆ ಹೇಳಿಬಿಟ್ಟರೆ ಲೆಕ್ಕ ಚುಕ್ತಾ’ ಎನ್ನುವ ಮಾತು ಬೆಂಗಳೂರಿನ ಬಸ್ಸುಗಳಲ್ಲಿ, ಕಚೇರಿಯ ಊಟದ ಮೇಜಿನ ಸುತ್ತ ಆಗಾಗ ಕಿವಿಗೆ ಬೀಳುತ್ತದೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಹೊರಗೆ ನಿಂತವರಿಗೆ ಕಾಣುವುದು ಅಷ್ಟೇ: ಒಬ್ಬರು ಮಂಡಿಯೂರುತ್ತಾರೆ, ಏನೋ ಪಿಸುಗುಟ್ಟುತ್ತಾರೆ, ಎದ್ದು ಹೋಗುತ್ತಾರೆ. ನಮ್ಮನ್ನು ಕಾಡುವುದು ಬೇರೆ. ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಬಂತೆಂದರೆ ಗುಡಿಯಲ್ಲಿ (ಚರ್ಚಿನಲ್ಲಿ) ಸಾಲುಗಟ್ಟಿ ನಿಲ್ಲುವ ನಮ್ಮವರಲ್ಲೇ ಎಷ್ಟೋ ಜನ ಹಾಗೆಯೇ ತಿಳಿದುಕೊಂಡಿದ್ದಾರೆ. ನಾವು ನಗರದ ಕಥೋಲಿಕ ಧರ್ಮಕೇಂದ್ರಗಳಲ್ಲಿ (ಪ್ಯಾರಿಷ್‌ಗಳಲ್ಲಿ) ಮಕ್ಕಳಿಗೂ ದೊಡ್ಡವರಿಗೂ ಕನ್ನಡದಲ್ಲಿ ಧರ್ಮೋಪದೇಶ ಹೇಳಿಕೊಡುವವರು. ಈ ತಿಳಿವಳಿಕೆ ಎಲ್ಲಿ ತಪ್ಪಿದೆ ಎಂಬುದನ್ನು ನಿಮ್ಮ ಓದುಗರ ಮುಂದೆ ಬಿಡಿಸಿ ಇಡಬೇಕೆನಿಸಿ ಈ ಪತ್ರ. ಸ್ವಲ್ಪ ದೀರ್ಘವಾಗಿದೆ, ಮನ್ನಿಸಿ.

ಮೊದಲು ಒಂದು ಪದದ ವಿಚಾರ. ಗುರುಗಳ (ಪಾದ್ರಿಗಳ) ಮುಂದೆ ಪಾಪ ಹೇಳಿಕೊಳ್ಳುವ ಈ ಕನ್ಫೆಷನ್ ಸುದ್ದಿಯಾದಾಗಲೆಲ್ಲ ಕನ್ನಡ ಪತ್ರಿಕೆಗಳು ‘ತಪ್ಪೊಪ್ಪಿಗೆ’ ಎಂದು ಬರೆಯುತ್ತವೆ. ಅದು ಠಾಣೆಯ ಪದ, ನ್ಯಾಯಾಲಯದ ಪದ. ಅಲ್ಲಿ ಹೇಳಿಕೆ ಬರೆದುಕೊಳ್ಳುತ್ತಾರೆ, ಸಹಿ ಹಾಕಿಸುತ್ತಾರೆ, ಅದರ ಮೇಲೆ ಶಿಕ್ಷೆ ನಿಂತಿರುತ್ತದೆ. ಕನ್ನಡ ಕಥೋಲಿಕರು ಬಳಸುವ ಮಾತು ‘ಪಾಪನಿವೇದನೆ’. ನಿವೇದನೆ ಎಂದಮೇಲೆ ಮುಂದೆ ದೇವರಿದ್ದಾನೆ ಎಂದೇ ಅರ್ಥ. ಅಲ್ಲಿ ಏನನ್ನೂ ಬರೆದಿಡುವುದಿಲ್ಲ. ನಗರದ ಒಂದೇ ಗುಡಿಯಲ್ಲಿ ಮಂಗಳೂರು ಕಡೆಯ ಕೊಂಕಣಿಗರು ‘ಕುಮ್ಸಾರ್’ ಎನ್ನುತ್ತಾರೆ, ಮಲಯಾಳಿಗಳು ‘ಕುಂಬಸಾರಂ’ ಎನ್ನುತ್ತಾರೆ. ಎರಡಕ್ಕೂ ಪೋರ್ಚುಗೀಸ್ ಮೂಲ. ನಮ್ಮ ನುಡಿಯಲ್ಲಿ ಒಳ್ಳೆಯ ಮಾತು ಇರುವಾಗ ಪತ್ರಿಕೆಗಳು ಅದನ್ನೇ ಬಳಸಲಿ ಎಂದು ಕೋರುತ್ತೇವೆ.

ಪಾಪನಿವೇದನೆ ಪಶ್ಚಾತ್ತಾಪದ ಒಂದು ಭಾಗ ಮಾತ್ರ. ಪಶ್ಚಾತ್ತಾಪ ಎಂಬ ಪದವನ್ನೇ ನೋಡಿ: ಆಮೇಲೆ ಹುಟ್ಟುವ ತಾಪ. ಆದರೆ ಸುಡುವುದಷ್ಟೇ ಸಾಲದೆಂದು ಕನ್ನಡ ಬೈಬಲ್‌ ಅನುವಾದಕರಿಗೆ ಅನ್ನಿಸಿರಬೇಕು. ಒಂದು ಅನುವಾದ ‘ಮಾನಸಾಂತರ’ ಎನ್ನುತ್ತದೆ. ಗ್ರೀಕಿನ ‘ಮೆತಾನೊಯ’ ಎಂಬ ಮಾತಿಗೆ ಅದು ತೀರ ಹತ್ತಿರ. ಇನ್ನೊಂದು ಅನುವಾದದಲ್ಲಿ ಯೇಸು ‘ದೇವರ ಕಡೆಗೆ ತಿರುಗಿಕೊಳ್ಳಿ’ ಎನ್ನುತ್ತಾರೆ. ಹೀಬ್ರೂ ಪ್ರವಾದಿಗಳ ‘ಶೂಬ್’ ಎಂಬ ಕ್ರಿಯಾಪದಕ್ಕೂ ಇದೇ ಅರ್ಥ, ದಾರಿ ತಪ್ಪಿದವನು ತಿರುಗಿ ಬರುವುದು. ಲ್ಯಾಟಿನ್‌ಗೆ ಹೋದಾಗ ಯೇಸುವಿನ ಅದೇ ಮಾತು ‘ಪ್ರಾಯಶ್ಚಿತ್ತ ಮಾಡಿ’ ಎಂದಾಯಿತು. 1517ರಲ್ಲಿ ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಮುಂದಿಟ್ಟ 95 ವಾದಗಳಲ್ಲಿ ಮೊದಲನೆಯದೇ ಈ ಮಾತನ್ನು ಕುರಿತದ್ದು: ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕೆಂಬುದು ಯೇಸುವಿನ ಇಚ್ಛೆ ಎಂದು. ಲೂಥರ್‌ನ ಉಳಿದ ಮಾತುಗಳನ್ನು ಕಥೋಲಿಕರು ಒಪ್ಪಲಿ ಬಿಡಲಿ, ಈ ಮಾತಿಗೆ ಎದುರಾಡುವಂತಿಲ್ಲ.

ಬರೀ ತಾಪಕ್ಕೂ ತಿರುಗುವುದಕ್ಕೂ ಇರುವ ಅಂತರ ಯೇಸುವಿನ ಶಿಷ್ಯ ಯೂದನ ಕತೆಯಲ್ಲಿದೆ. ಯೇಸುವನ್ನು ಹಿಡಿದುಕೊಟ್ಟ ಮೇಲೆ ಯೂದ ನೊಂದ. ನಿರಪರಾಧಿಯ ರಕ್ತಕ್ಕೆ ದ್ರೋಹ ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ. 30 ಬೆಳ್ಳಿ ನಾಣ್ಯಗಳನ್ನು ದೇವಾಲಯದಲ್ಲಿ ಎಸೆದ. ನೋವು, ಒಪ್ಪಿಗೆ, ಹಣ ವಾಪಸು, ಮೂರೂ ಅಲ್ಲಿವೆ. ಆದರೂ ಬೈಬಲಿನ ಮತ್ತಾಯನ ಶುಭಸಂದೇಶ ಯೂದನ ನೋವಿಗೆ ಬಳಸಿದ ಗ್ರೀಕ್ ಪದ ‘ಮೆತಾನೊಯ’ ಅಲ್ಲ, ಬರೀ ಪರಿತಾಪವನ್ನು ಸೂಚಿಸುವ ಬೇರೊಂದು ಪದ. ಯೂದ ಹಣ ಕೊಟ್ಟದ್ದು ಯಾರಿಗೆ? ತನಗೆ ಹಣ ಕೊಟ್ಟವರಿಗೇ. ಯಾರಿಗೆ ಅನ್ಯಾಯ ಮಾಡಿದ್ದನೋ ಅವರ ಕಡೆ ಮುಖ ತಿರುಗಿಸಲೇ ಇಲ್ಲ. ಕ್ಷಮೆ ಸಿಕ್ಕೀತೆಂಬ ಆಸೆಯನ್ನೂ ಇಟ್ಟುಕೊಳ್ಳಲಿಲ್ಲ. ಇನ್ನೊಬ್ಬ ಶಿಷ್ಯ ಪೇತ್ರನೂ ಅದೇ ರಾತ್ರಿ ಮೂರು ಬಾರಿ ‘ಅವನಾರೋ ಅರಿಯೆ’ ಎಂದವನೇ. ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ದಡದಲ್ಲಿ ನಿಂತ ಯೇಸುವನ್ನು ಕಂಡು ದೋಣಿಯಿಂದ ನೀರಿಗೆ ಧುಮುಕಿ ಹತ್ತಿರ ಹೋದ. ‘ನನ್ನನ್ನು ಪ್ರೀತಿಸುವೆಯಾ’ ಎಂದು ಯೇಸು ಮೂರು ಬಾರಿ ಕೇಳಿದ ಪ್ರಶ್ನೆಗೆ ಮೂರು ಬಾರಿ ಉತ್ತರ ಕೊಟ್ಟ.

1551ರಲ್ಲಿ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ ಪಾಪಿಯ ಕಡೆಯಿಂದ ಆಗಬೇಕಾದ ಕೆಲಸಗಳು ಮೂರು ಎಂದು ಹೇಳಿತು: ಮನಃಪೂರ್ವಕ ದುಃಖ, ನಿವೇದನೆ, ಪರಿಹಾರ. ಧರ್ಮೋಪದೇಶದ ತರಗತಿಯಲ್ಲಿ ಅದನ್ನೇ ಐದಾಗಿ ಬಿಡಿಸಿ ಕಲಿಸುತ್ತೇವೆ: ಆತ್ಮಪರಿಶೋಧನೆ, ದುಃಖ, ಇನ್ನು ಮಾಡೆನೆಂಬ ನಿರ್ಧಾರ, ನಿವೇದನೆ, ಪರಿಹಾರ. ಎಲ್ಲರಿಗೂ ನೆನಪಿರುವುದು ನಾಲ್ಕನೆಯದೊಂದೇ. ಕೆಟ್ಟು ಹೋಗುವುದು ಮೊದಲನೆಯದು ಮತ್ತು ಕೊನೆಯದು.

ಮೊದಲನೆಯದು ಕೆಡುವ ಬಗೆ ಹೀಗೆ. ಮೊದಲ ಪರಮಪ್ರಸಾದಕ್ಕೆ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಗೆ) ಸಿದ್ಧವಾಗುವಾಗ ಮಕ್ಕಳಿಗೆ ಒಂದು ಪಟ್ಟಿ ಹೇಳಿಕೊಡುತ್ತೇವೆ: ಸುಳ್ಳು ಹೇಳಿದೆ, ಅಮ್ಮನ ಮಾತು ಕೇಳಲಿಲ್ಲ, ತಮ್ಮನಿಗೆ ಹೊಡೆದೆ, ಪ್ರಾರ್ಥನೆ ಮರೆತೆ. ಎಂಟು ಒಂಬತ್ತು ವರ್ಷದ ಮಗುವಿಗೆ ಆ ಪಟ್ಟಿ ಸರಿ. ಐವತ್ತು ವರ್ಷದ ಗುತ್ತಿಗೆದಾರ ಅದೇ ಪಟ್ಟಿ ಒಪ್ಪಿಸಿದರೆ ಪರಿಶೋಧನೆ ಆಗಿಲ್ಲವೆಂದೇ ಅರ್ಥ. ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯಂತೆ, ಎಲ್ಲಿ ನೋಡಿಕೊಳ್ಳಬೇಕೆಂಬುದು ಅವರವರಿಗೆ ಗೊತ್ತೇ ಇರುತ್ತದೆ. ಹಿಂದಿನ ರಾತ್ರಿ ಹದಿನೈದು ನಿಮಿಷ ಫೋನು ಪಕ್ಕಕ್ಕಿಟ್ಟು ಕುಳಿತುಕೊಳ್ಳಬೇಕು. ಹತ್ತು ಆಜ್ಞೆಗಳನ್ನು ಸುಮ್ಮನೆ ಓದಿದರೆ ಸಾಲದು, ಪ್ರತಿಯೊಂದನ್ನೂ ತನ್ನ ಉದ್ಯೋಗಕ್ಕೆ, ಮನೆಗೆ ತಂದು ನಿಲ್ಲಿಸಬೇಕು. ‘ಕದಿಯಬೇಡ’ ಎಂಬುದು ಮನೆ ಮಾಲೀಕರಿಗೆ ಬಾಡಿಗೆದಾರರ ಅಡ್ವಾನ್ಸಿನ ಪ್ರಶ್ನೆ. ಅಂಗಡಿಯವರಿಗೆ ತೂಕದ ಪ್ರಶ್ನೆ. ಸಣ್ಣ ಕಾರ್ಖಾನೆ ನಡೆಸುವವರಿಗೆ ನೌಕರರ ಸಂಬಳದಲ್ಲಿ ಹಿಡಿದ ಪಿ.ಎಫ್. ಹಣ ಅವರ ಖಾತೆಗೆ ಹೋಯಿತೇ ಎಂಬ ಪ್ರಶ್ನೆ. ಧರ್ಮಸಭೆಯ (ಕಥೋಲಿಕ ಚರ್ಚಿನ) ಕಾನೂನು ಸಂಹಿತೆ (1983) ಘನವಾದ ಪಾಪಗಳನ್ನು ‘ಬಗೆ ಮತ್ತು ಎಣಿಕೆ’ ಸಹಿತ ಹೇಳಬೇಕೆನ್ನುತ್ತದೆ. ಎಣಿಕೆ ಎಂದರೆ ಲೆಕ್ಕಪತ್ರವಲ್ಲ. ‘ಮೂರು ತಿಂಗಳಿಂದ ವಾರಕ್ಕೆ ಒಂದೆರಡು ಸಲ’ ಎಂದರೆ ಸಾಕು. ಮರೆವು ಇರುವವರು ಚೀಟಿಯಲ್ಲಿ ಬರೆದುಕೊಂಡು ಹೋಗಬಹುದು, ತಪ್ಪೇನಿಲ್ಲ. ಆಮೇಲೆ ಹರಿದುಹಾಕಲಿ; ಫೋನಿನಲ್ಲಿ ಮಾತ್ರ ಬರೆದಿಡುವುದು ಬೇಡ.

ದುಃಖದಲ್ಲಿ ಎರಡು ಬಗೆ. ಇಷ್ಟೊಂದು ಪ್ರೀತಿಸಿದ ದೇವರ ಮನಸ್ಸು ನೋಯಿಸಿದೆನಲ್ಲ ಎಂದು ಹುಟ್ಟುವುದು ಪರಿಪೂರ್ಣ ದುಃಖ. ಶಿಕ್ಷೆಯ ಭಯದಿಂದ, ಪಾಪದ ಹೇಸಿಗೆಯಿಂದ ಹುಟ್ಟುವುದು ಅಪರಿಪೂರ್ಣ. ಎರಡನೆಯದೂ ದೇವರ ವರವೇ, ಪಾಪನಿವೇದನೆಯ ಸಂಸ್ಕಾರಕ್ಕೆ ಅಷ್ಟು ಸಾಕು. ಮೊದಲನೆಯದಿದ್ದು, ಆದಷ್ಟು ಬೇಗ ನಿವೇದಿಸುವ ಸಂಕಲ್ಪವೂ ಇದ್ದರೆ ಗುರುಗಳು ಸಿಗದಿದ್ದರೂ ಕ್ಷಮೆ ಇದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ವಾರ್ಡುಗಳ ಬಾಗಿಲು ಮುಚ್ಚಿದ್ದಾಗ ವ್ಯಾಟಿಕನ್ ಇದನ್ನೇ ಮತ್ತೆ ನೆನಪಿಸಿತು. ಕಣ್ಣೀರು ಬರಲಿಲ್ಲ, ಹಾಗಾಗಿ ನನ್ನ ಪಶ್ಚಾತ್ತಾಪ ಸುಳ್ಳು ಎಂದು ಕೊರಗುವವರಿದ್ದಾರೆ. ದುಃಖ ಇರಬೇಕಾದದ್ದು ಸಂಕಲ್ಪದಲ್ಲಿ. ಕಣ್ಣೀರು ಬಂದರೂ ಸರಿ, ಬರದಿದ್ದರೂ ಸರಿ. ನಿರ್ಧಾರ ಗಟ್ಟಿಯೇ ಎಂದು ನೋಡಲು ಸುಲಭದ ದಾರಿ, ಪಾಪಕ್ಕೆ ಎಡೆಮಾಡುವ ಸಂದರ್ಭವನ್ನು ಬಿಟ್ಟೆನೇ ಎಂದು ಕೇಳಿಕೊಳ್ಳುವುದು. ಆನ್‌ಲೈನ್ ಜೂಜಿನಲ್ಲಿ ಮನೆಯ ಹಣ ಕಳೆದವರು ಆ ಆ್ಯಪ್ ಫೋನಿನಲ್ಲಿ ಇಟ್ಟುಕೊಂಡೇ ಒಳಗೆ ಬಂದರೆ ಅವರ ನಿರ್ಧಾರ ಇನ್ನೂ ಬಾಗಿಲ ಹೊರಗಿದೆ.

ನಿವೇದನೆಯ ಕ್ರಮ ಸರಳ. ಶಿಲುಬೆ ಗುರುತು ಹಾಕಿ, ಹಿಂದಿನ ನಿವೇದನೆ ಯಾವಾಗ ಆಯಿತೆಂದು ಹೇಳಬೇಕು. ಮದುವೆಯಾಗಿದೆಯೇ, ಯಾವ ಕೆಲಸ ಎಂಬುದನ್ನು ಅಗತ್ಯವಿದ್ದಷ್ಟು ಹೇಳಬೇಕು, ಏಕೆಂದರೆ ಸ್ಥಿತಿಯಿಂದ ಪಾಪದ ಬಗೆಯೇ ಬದಲಾಗುತ್ತದೆ. ತನ್ನ ಪಾಪ ಮಾತ್ರ ಹೇಳಬೇಕು. ಅತ್ತೆಯದ್ದು, ಗಂಡನದ್ದು, ಮೇಲಧಿಕಾರಿಯದ್ದು ಬೇಡ. ಜೊತೆಗಿದ್ದವರ ಹೆಸರಂತೂ ಖಂಡಿತ ಬೇಡ. ಗುರುಗಳು ನಾಲ್ಕು ಮಾತು ಹೇಳಿ ಪ್ರಾಯಶ್ಚಿತ್ತ ಕೊಡುತ್ತಾರೆ. ಪಶ್ಚಾತ್ತಾಪದ ಪ್ರಾರ್ಥನೆ ಹೇಳಬೇಕು, ಬಾಯಿಪಾಠ ಬರದಿದ್ದರೆ ಸ್ವಂತ ಮಾತಿನಲ್ಲಿ. ಆಮೇಲೆ ಅವರು ಕೈ ಚಾಚಿ ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಪಾಪವಿಮೋಚನೆ ನುಡಿಯುತ್ತಾರೆ, ಇವರು ‘ಆಮೆನ್’ ಎನ್ನುತ್ತಾರೆ. ಫೋನಿನಲ್ಲಿ, ವಿಡಿಯೋ ಕರೆಯಲ್ಲಿ ಇದು ನಡೆಯುವುದಿಲ್ಲ. ಒಂದು ಘನ ಪಾಪವನ್ನು ಬೇಕೆಂದೇ ಮುಚ್ಚಿಟ್ಟರೆ ಹೇಳಿದ ಉಳಿದವೂ ವ್ಯರ್ಥ. ನಿಜವಾಗಿ ಮರೆತಿದ್ದರೆ ಅದೂ ಕ್ಷಮೆಯೊಳಗೆ ಬಂತು, ಮುಂದಿನ ಸಲ ನೆನಪಾದಾಗ ಹೇಳಿದರಾಯಿತು. ಮರೆವಿಗೂ ಮುಚ್ಚುಮರೆಗೂ ಇರುವ ಈ ವ್ಯತ್ಯಾಸ ಗೊತ್ತಿಲ್ಲದೆ ವರ್ಷಗಟ್ಟಲೆ ನರಳುವವರಿದ್ದಾರೆ.

ಇಲ್ಲಿಂದ ಮುಂದಿನದೇ ನಾವು ಮುಖ್ಯವಾಗಿ ಹೇಳಬೇಕೆಂದಿದ್ದು. ವಿಮೋಚನೆ ಪಾಪವನ್ನು ತೆಗೆಯುತ್ತದೆ, ಪಾಪ ಮಾಡಿದ ಗಾಯವನ್ನಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು, ಮಾಡಿದ ಹಾನಿಗೆ ತುಂಬಿಕೊಡಬೇಕು ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ನೇರವಾಗಿ ಹೇಳುತ್ತದೆ. ಇದು ಇಷ್ಟವಿದ್ದರೆ ಮಾಡುವ ಪುಣ್ಯಕಾರ್ಯವಲ್ಲ, ನ್ಯಾಯದ ಸಾಲ. ಹಿಂದಿರುಗಿಸುವ ಶಕ್ತಿ ಇದ್ದೂ ಮನಸ್ಸಿಲ್ಲದವರಲ್ಲಿ ದುಃಖವೇ ಇಲ್ಲ. ದುಃಖವಿಲ್ಲದ ಕಡೆ ವಿಮೋಚನೆಯ ಮಾತು ನೆಲೆ ನಿಲ್ಲುವುದಿಲ್ಲ. ಮೂರು ‘ನಮೋ ಮರಿಯ’ ಜಪ ಹೇಳಿ ಹೊರಬಂದ ಮಾತ್ರಕ್ಕೆ ಆ ಹಣ ತಮ್ಮದಾಗುವುದಿಲ್ಲ.

ಒಂದು ಲೆಕ್ಕ ನೋಡೋಣ. ಮನೆಕೆಲಸದ ಹೆಂಗಸಿನ ಸಂಬಳದಲ್ಲಿ ರಜೆಯ ನೆಪ ಹೇಳಿ ಅನ್ಯಾಯವಾಗಿ ತಿಂಗಳಿಗೆ 500 ರೂಪಾಯಿಯಂತೆ 14 ತಿಂಗಳು ಹಿಡಿದಿದ್ದಾರೆ ಎನ್ನಿ. ಒಟ್ಟು 7,000 ರೂಪಾಯಿ. ಮೋಶೆಯ ಧರ್ಮಶಾಸ್ತ್ರದಲ್ಲಿ ವಂಚಿಸಿದವನು ತಾನಾಗಿ ಒಪ್ಪಿಕೊಂಡರೆ ಅಸಲಿನ ಜೊತೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು: 1,400 ಸೇರಿ 8,400. ಕುರಿ ಕದ್ದು ಕೊಂದವನು ಒಂದಕ್ಕೆ ನಾಲ್ಕು, ಎತ್ತು ಕದ್ದು ಕೊಂದವನು ಒಂದಕ್ಕೆ ಐದು ಕೊಡಬೇಕಿತ್ತು. ಯೇಸುವನ್ನು ಕಂಡು ಬದಲಾದ ಸುಂಕದ ಅಧಿಕಾರಿ ಜಕ್ಕಾಯ ಯಾರೂ ಕೇಳದಿದ್ದರೂ ಒಂದಕ್ಕೆ ನಾಲ್ಕು ಎಂದ. ಆ ಲೆಕ್ಕದಲ್ಲಿ ಇದು 28,000. ಇಂದಿನ ಧರ್ಮಸಭೆ ನಾಲ್ಕು ಪಟ್ಟು ಕೇಳುವುದಿಲ್ಲ. ಅಸಲು ಕೊಡಿ, ಆ ಹಣ ಇಲ್ಲದ್ದರಿಂದ ಆಕೆಗಾದ ನಷ್ಟವನ್ನೂ ಸೇರಿಸಿ ಎನ್ನುತ್ತದೆ. ಆ ಏಳು ಸಾವಿರ ಕೈಗೆ ಬಾರದೆ ಆಕೆ ಬಡ್ಡಿಗೆ ಸಾಲ ಮಾಡಿ ಮಗಳ ಶಾಲೆಯ ಫೀಸು ಕಟ್ಟಿದ್ದರೆ, ಆ ಬಡ್ಡಿಯೂ ನಿಮ್ಮ ಪಾಲಿನ ಸಾಲವೇ.

ಕೊಡುವುದು ಹೇಗೆ? ಮೊದಲ ನಿಯಮ, ಕಳೆದುಕೊಂಡವರಿಗೇ ಕೊಡಬೇಕು. ಇಲ್ಲಿಯೇ ದೊಡ್ಡ ತಪ್ಪು ನಡೆಯುವುದು. ಕೆಲಸದಾಕೆಯ ಹಣವನ್ನು ಹಬ್ಬದ ದಿನ ಗುಡಿಯ ಕಾಣಿಕೆ ಡಬ್ಬಿಗೆ ಹಾಕಿ, ಮೇಣದ ಬತ್ತಿ ಹಚ್ಚಿ ಹಗುರಾಗುವವರಿದ್ದಾರೆ. ಆ ಕಾಣಿಕೆ ಅವರದ್ದೇ ಅಲ್ಲ, ಅದು ಆಕೆಯ ಹಣ. ಹಣ ಕಳೆದುಕೊಂಡವರು ತೀರಿಕೊಂಡಿದ್ದರೆ ವಾರಸುದಾರರಿಗೆ ಕೊಡಬೇಕು. ಯಾರೆಂದು ಎಷ್ಟು ಹುಡುಕಿದರೂ ಗೊತ್ತಾಗದಿದ್ದಾಗ ಮಾತ್ರ ಬಡವರಿಗೆ. ತೂಕದಲ್ಲಿ ಮೋಸ ಮಾಡಿದ ಅಂಗಡಿಯವರು ಅದೇ ಬೀದಿಯ ಗಿರಾಕಿಗಳಿಗೆ ಅಷ್ಟೇ ಕಾಲ ತೂಕಕ್ಕಿಂತ ಹೆಚ್ಚು ಕೊಟ್ಟು ತೀರಿಸಬಹುದು. ಒಟ್ಟಿಗೆ ಆಗದಿದ್ದರೆ ಕಂತಿನಲ್ಲಿ. ಮುಖ ತೋರಿಸಲೇಬೇಕೆಂದಿಲ್ಲ: ಲಕೋಟೆಯಲ್ಲಿ ಕಳಿಸಬಹುದು, ಸಂಬಳದ ಜೊತೆ ಹೆಚ್ಚಿಗೆ ಸೇರಿಸಿ ಕೊಡಬಹುದು, ಕೇಳಿಕೊಂಡರೆ ಗುರುಗಳ ಕೈಯಿಂದಲೂ ತಲುಪಿಸಬಹುದು. ಕೊಡಲು ಏನೂ ಇಲ್ಲದ ನಿಜವಾದ ಬಡತನವಿದ್ದರೆ ಇದ್ದಾಗ ಕೊಡುವ ಸಂಕಲ್ಪ ಸಾಕು. ಆದರೆ ಅದೇ ತಿಂಗಳು ಹೊಸ ಬೈಕು ಬುಕ್ ಮಾಡಿದವರು ಈ ಮಾತು ಹೇಳುವಂತಿಲ್ಲ.

ಹಣಕ್ಕಿಂತ ಕಷ್ಟ ಹೆಸರಿನದು. ‘ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇದರಲ್ಲೂ ಎರಡು ಬಗೆ, ಪರಿಹಾರವೂ ಬೇರೆಬೇರೆ. ಸುಳ್ಳು ಅಪವಾದ ಹೊರಿಸಿದ್ದರೆ ‘ನಾನು ಹೇಳಿದ್ದು ಸುಳ್ಳು’ ಎಂದು, ಯಾರ ಮುಂದೆ ಹೇಳಿದ್ದರೋ ಅವರ ಮುಂದೆಯೇ ಹಿಂದೆಗೆಯಬೇಕು. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ 200 ಜನರಿಗೆ ಹೋದ ಸುಳ್ಳನ್ನು ಆ ಒಬ್ಬರ ಮನೆಗೆ ಹೋಗಿ ಮೆಲ್ಲಗೆ ‘ಸಾರಿ’ ಎಂದರೆ ಸರಿಹೋಗದು. ಅದೇ ಗುಂಪಿನಲ್ಲಿ ಬರೆಯಬೇಕು. ಹೇಳಿದ್ದು ನಿಜವೇ, ಆದರೆ ಹೇಳಬೇಕಾದ ಅಗತ್ಯವಿಲ್ಲದ ಗುಟ್ಟು, ಚಾಡಿ, ಎನ್ನಿ. ಆಗ ‘ಅದು ಸುಳ್ಳು’ ಎನ್ನುವಂತಿಲ್ಲ, ಅದು ಇನ್ನೊಂದು ಸುಳ್ಳಾಗುತ್ತದೆ. ಆ ವ್ಯಕ್ತಿಯ ಒಳ್ಳೆಯ ಗುಣಗಳನ್ನು ಅದೇ ಜನರ ಮುಂದೆ ಹೇಳುತ್ತಾ, ಗುಟ್ಟು ರಟ್ಟಾದ್ದರಿಂದ ಕೆಲಸವೋ ಮದುವೆಯ ಸಂಬಂಧವೋ ತಪ್ಪಿದ್ದರೆ ಆದಷ್ಟು ನೆರವಾಗಬೇಕು.

ಗುರುಗಳು ಕೊಡುವ ಪ್ರಾಯಶ್ಚಿತ್ತ ಪಾಪದ ತೂಕಕ್ಕೂ ಬಗೆಗೂ ತಕ್ಕಂತಿರಬೇಕು, ರೋಗಕ್ಕೆ ತಕ್ಕ ಮದ್ದಿನ ಹಾಗೆ. ಇದು 1973ರಲ್ಲಿ ಪರಿಷ್ಕೃತವಾದ ಪ್ರಾಯಶ್ಚಿತ್ತ ಸಂಸ್ಕಾರದ ವಿಧಿಯ ಮಾತು. ಸಾಲು ಉದ್ದವಿದೆ ಎಂದು ಎಲ್ಲ ಪಾಪಕ್ಕೂ ಅದೇ ಮೂರು ಜಪ ಕೊಟ್ಟು ಕಳಿಸುವ ರೂಢಿಯನ್ನು ನಮ್ಮ ಗುರುಗಳು ಬಿಡಬೇಕು ಎಂದು ಗೌರವದಿಂದಲೇ ಹೇಳುತ್ತೇವೆ. ‘ಆ ಹಣ ಹಿಂದಿರುಗಿಸಿದಿರಾ?’ ಎಂಬ ಒಂದು ಪ್ರಶ್ನೆ ಕೇಳಲು ಅರ್ಧ ನಿಮಿಷ ಸಾಕು. ಅದನ್ನು ಕೇಳದೆ ಬಿಟ್ಟಾಗಲೇ ಬಸ್ಸಿನಲ್ಲಿ ಕೇಳಿಬರುವ ಆ ಮಾತು ಹುಟ್ಟುವುದು.

ಇದಕ್ಕೆ ತದ್ವಿರುದ್ಧ ತುದಿಯಲ್ಲಿ ಇನ್ನೊಬ್ಬರಿದ್ದಾರೆ. ನಿವೇದಿಸಿ ಹೊರಬಂದ ಮರುಗಳಿಗೆ ‘ಸರಿಯಾಗಿ ಹೇಳಲಿಲ್ಲವೇನೋ’ ಎಂದು ಮತ್ತೆ ಸಾಲಿಗೆ ನಿಲ್ಲುತ್ತಾರೆ, ಒಂದೇ ವಾರದಲ್ಲಿ ಮೂರು ಗುಡಿಗಳಿಗೆ ಹೋಗುತ್ತಾರೆ. ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೊಲ ಕೂಡ ಸ್ಪೇನಿನ ಮನ್ರೇಸದಲ್ಲಿ ಈ ಸಂಕಟ ತಿಂದವರೇ. ಸಾಂಪ್ರದಾಯಿಕ ಸಲಹೆ: ಒಬ್ಬರೇ ಗುರುವನ್ನು ಹಿಡಿದುಕೊಂಡು, ಅವರು ‘ಹಳೆಯದನ್ನು ಮತ್ತೆ ಹೇಳಬೇಡ’ ಎಂದರೆ ಹೇಳದಿರುವುದು. ಮನೆಯಲ್ಲೂ ಪದೇಪದೇ ಕೈ ತೊಳೆಯುವ, ಬೀಗ ನೋಡುವ ಲಕ್ಷಣ ಜೊತೆಗಿದ್ದರೆ ಅದು ಗೀಳು ಕಾಯಿಲೆಯಾಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ, ನಮ್ಮ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಕಾಯಿಲೆಯನ್ನು ಪಾಪವೆಂದು ತಿಳಿದು ಇನ್ನಷ್ಟು ಪ್ರಾಯಶ್ಚಿತ್ತ ಹೇರುವುದು ಕ್ರೌರ್ಯ.

ಇನ್ನು ಗೋಪ್ಯತೆ. 2018ರಲ್ಲಿ, ನಿವೇದನೆಯಲ್ಲಿ ಕೇಳಿದ್ದನ್ನು ಬಳಸಿ ಗುರುಗಳೇ ಮಹಿಳೆಯನ್ನು ಬೆದರಿಸಿ ದೌರ್ಜನ್ಯ ಎಸಗಿದರೆಂಬ ಆರೋಪದ ಕೇರಳದ ಒಂದು ಪ್ರಕರಣದ ಬೆನ್ನಿಗೆ ಪಾಪನಿವೇದನೆಯನ್ನೇ ರದ್ದು ಮಾಡಬೇಕೆಂಬ ಶಿಫಾರಸು ರಾಷ್ಟ್ರೀಯ ಮಹಿಳಾ ಆಯೋಗದಿಂದ ಬಂದಿತ್ತು. ಆ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದ್ದರಿಂದ ಹೆಣ್ಣುಮಕ್ಕಳೂ ಅವರ ಮನೆಯವರೂ ತಿಳಿದಿರಬೇಕಾದ ಸಂಗತಿಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ. ಗೋಪ್ಯತೆಯ ಮುದ್ರೆ ಬಿಗಿಯುವುದು ಗುರುವನ್ನು, ನಿವೇದಿಸಿದವರನ್ನಲ್ಲ. ಅಲ್ಲಿ ಕೇಳಿದ್ದನ್ನು ಅವರು ಬಾಯಿಂದಾಗಲಿ, ಸನ್ನೆಯಿಂದಾಗಲಿ, ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ನೇರವಾಗಿ ಮುರಿದರೆ ಆ ಕ್ಷಣವೇ ಬಹಿಷ್ಕಾರ. ಆ ಪೀಠದಲ್ಲಿ ಕುಳಿತು ಅನುಚಿತವಾಗಿ ಮಾತಾಡಿದ, ಆಮಿಷ ಒಡ್ಡಿದ ಗುರುವಿಗೆ ಧರ್ಮಸಭೆಯ ಕಾನೂನಿನಲ್ಲೇ ಶಿಕ್ಷೆ ಇದೆ, ಗುರುಪಟ್ಟದಿಂದ ತೆಗೆದುಹಾಕುವವರೆಗೆ. ಅಂಥದ್ದು ಆದರೆ ಆಕೆ ಧರ್ಮಾಧ್ಯಕ್ಷರಿಗೂ (ಬಿಷಪರಿಗೂ) ಪೊಲೀಸರಿಗೂ ಎಲ್ಲವನ್ನೂ ಹೇಳಬಹುದು, ಹೇಳಬೇಕು. ಜಾಲರಿಯ ಹಿಂದೆ ಮುಖ ಕಾಣದಂತೆ ನಿವೇದಿಸುವ ಅನುಕೂಲ ಗುಡಿಯಲ್ಲಿ ಇರಲೇಬೇಕೆಂದು ಸಂಹಿತೆಯೇ ಹೇಳುತ್ತದೆ, ಕೇಳಿ ಪಡೆಯಿರಿ. 2021ರಲ್ಲಿ ಪರಿಷ್ಕೃತವಾದ ದಂಡವಿಧಿ ನಿವೇದನೆಯನ್ನು ಧ್ವನಿಮುದ್ರಿಸುವುದನ್ನೂ ಮಾಧ್ಯಮಗಳಲ್ಲಿ ಬಯಲುಮಾಡುವುದನ್ನೂ ಅಪರಾಧವೆಂದಿದೆ. ಗುಟ್ಟಿನ ಕ್ಯಾಮೆರಾ ಇಟ್ಟುಕೊಂಡು ಹೋಗುವ ಮುನ್ನ ವರದಿಗಾರರು ಇದನ್ನು ಗಮನಿಸಲಿ.

ಮಕ್ಕಳ ಮೇಲಿನ ದೌರ್ಜನ್ಯದ ವಿಷಯದಲ್ಲಿ ಒಂದು ತಿಕ್ಕಾಟ ಇದೆ, ಅದನ್ನು ಮುಚ್ಚಿಡುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು, ಗುರುಗಳಿಗೆ ವಿನಾಯಿತಿ ಬರೆದಿಲ್ಲ. ಧರ್ಮಸಭೆ ಮುದ್ರೆ ಮುರಿಯಲಾಗದು ಎನ್ನುತ್ತದೆ. ಆದರೆ ಮಗುವೊಂದು ತನಗಾದ ನೋವನ್ನು ಅಲ್ಲಿ ಹೇಳಿಕೊಂಡರೆ ಮಾಡಬೇಕಾದದ್ದರ ಬಗ್ಗೆ ಗೊಂದಲವಿಲ್ಲ. ಅದು ಮಗುವಿನ ಪಾಪವಲ್ಲ ಎಂದು ಗುರುಗಳು ಮೊದಲು ಹೇಳಬೇಕು. ಹೊರಗೆ ಬಂದು ನಂಬಿಕೆಯ ದೊಡ್ಡವರ ಮುಂದೆ, ಬೇಕಾದರೆ ಅದೇ ಗುರುಗಳ ಮುಂದೆಯೇ, ಅದನ್ನು ಮತ್ತೆ ಹೇಳುವಂತೆ ಧೈರ್ಯ ತುಂಬಬೇಕು. ಹೊರಗೆ ಹೇಳಿದ ಮಾತಿಗೆ ಮುದ್ರೆಯಿಲ್ಲ. ಆ ಕ್ಷಣದಿಂದ ದೂರು ಕೊಡುವುದು ಕಾನೂನಿನ ಕರ್ತವ್ಯ. ಮಕ್ಕಳ ಸಹಾಯವಾಣಿ 1098 ಇದೆ.

ಇದೆಲ್ಲ ಮೊದಲಿನಿಂದಲೂ ಹೀಗೆಯೇ ಇರಲಿಲ್ಲ. ಆರಂಭದ ಶತಮಾನಗಳಲ್ಲಿ ಘೋರ ಪಾಪಗಳಿಗೆ ಬಹಿರಂಗ ಪ್ರಾಯಶ್ಚಿತ್ತ, ಅದೂ ಬಾಳಿಗೊಮ್ಮೆ. ನಾಲ್ಕನೇ ಶತಮಾನದ ಸಂತ ಬೆಸಿಲ್ ಬೇಕೆಂದೇ ಕೊಂದವನಿಗೆ 20 ವರ್ಷ ಇಟ್ಟರು: 4 ವರ್ಷ ಗುಡಿಯ ಬಾಗಿಲ ಹೊರಗೆ ನಿಂತು ಒಳಹೋಗುವವರನ್ನು ‘ನನಗಾಗಿ ಪ್ರಾರ್ಥಿಸಿ’ ಎಂದು ಅಳುತ್ತಾ ಬೇಡುವುದು, 5 ವರ್ಷ ವಾಚನಗಳನ್ನಷ್ಟೇ ಕೇಳಿ ಹೊರಡುವುದು, 7 ವರ್ಷ ಮಂಡಿಯೂರುವುದು, 4 ವರ್ಷ ಎಲ್ಲರೊಡನೆ ನಿಂತರೂ ಪ್ರಸಾದವಿಲ್ಲದಿರುವುದು. ಕ್ರಿ.ಶ. 390ರಲ್ಲಿ ಥೆಸಲೋನಿಕದಲ್ಲಿ ಜನರ ಕೊಲೆ ಮಾಡಿಸಿದ ರೋಮ್ ಚಕ್ರವರ್ತಿ ಥಿಯೊಡೋಷಿಯಸ್‌ನನ್ನು ಮಿಲಾನಿನ ಧರ್ಮಾಧ್ಯಕ್ಷ ಆಂಬ್ರೋಸ್ ಪ್ರಾಯಶ್ಚಿತ್ತ ಮಾಡುವವರೆಗೆ ಪ್ರಸಾದಕ್ಕೆ ಸೇರಿಸಲಿಲ್ಲ. ಖಾಸಗಿಯಾಗಿ, ಮತ್ತೆ ಮತ್ತೆ ನಿವೇದಿಸುವ ಪದ್ಧತಿ ಐರಿಷ್ ಸನ್ಯಾಸಿಗಳಿಂದ ಹಬ್ಬಿತು. ವರ್ಷಕ್ಕೊಮ್ಮೆಯಾದರೂ ಎಂಬ ನಿಯಮ 1215ರದ್ದು. ಜಾಲರಿಯ ಪೆಟ್ಟಿಗೆ ಬಂದದ್ದು ಇನ್ನೂ ತಡವಾಗಿ, 16ನೇ ಶತಮಾನದ ಮಿಲಾನಿನಲ್ಲಿ ಅಲ್ಲಿನ ಧರ್ಮಾಧ್ಯಕ್ಷ ಚಾರ್ಲ್ಸ್ ಬೊರೊಮಿಯೊ ಕಾಲದಲ್ಲಿ. ರೂಪ ಎಷ್ಟು ಬದಲಾದರೂ ನೊಂದವರಿಗೆ ಸಲ್ಲಬೇಕಾದದ್ದು ಸಲ್ಲಬೇಕೆಂಬುದು ಯಾವ ಕಾಲದಲ್ಲೂ ಸಡಿಲವಾಗಲಿಲ್ಲ.

ಬೆಂಗಳೂರಿನ ಎಲ್ಲ ಕ್ರೈಸ್ತರೂ ಕಥೋಲಿಕರಲ್ಲ. ಪ್ರೊಟೆಸ್ಟಂಟರ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಗಳಲ್ಲಿ ಆರಾಧನೆಯ ಹೊತ್ತಿನಲ್ಲಿ ಎಲ್ಲರೂ ಒಟ್ಟಾಗಿ ಪಾಪದ ಅರಿಕೆ ಮಾಡುತ್ತಾರೆ, ಸಭಾಪಾಲಕರು ದೇವರ ಕ್ಷಮೆಯನ್ನು ಸಾರುತ್ತಾರೆ. ಸಿರಿಯನ್ ಸಂಪ್ರದಾಯದ ಸಭೆಗಳಲ್ಲಿ ದೊಡ್ಡ ಉಪವಾಸಕ್ಕೆ (ಅವರ ತಪಸ್ಸು ಕಾಲಕ್ಕೆ) ಮೂರು ವಾರ ಮೊದಲು ಮೂರು ದಿನದ ನಿನೆವೆ ಉಪವಾಸವಿದೆ. ದೊಡ್ಡ ಉಪವಾಸ ತೊಡಗುವಾಗ ‘ಶುಬ್ಕೋನೊ’ ಎಂಬ ವಿಧಿಯಲ್ಲಿ ಗುರುಗಳೂ ಜನರೂ ಒಬ್ಬರಿಗೊಬ್ಬರು ಕ್ಷಮೆ ಕೇಳುತ್ತಾರೆ. ಇದು ನಮ್ಮ ಗುಡಿಗಳಲ್ಲೂ ಇದ್ದಿದ್ದರೆ ಎನ್ನಿಸುತ್ತದೆ.

ಸಂಸ್ಥೆಗೂ ಅಳತೆಗೋಲು ಇದೇ. 2000ದ ಮಾರ್ಚ್ 12ರಂದು ಜಗದ್ಗುರು (ಪೋಪ್) ಎರಡನೇ ಜಾನ್ ಪೌಲ್ ಧರ್ಮಸಭೆಯ ಮಕ್ಕಳು ಇತಿಹಾಸದಲ್ಲಿ ಮಾಡಿದ ತಪ್ಪುಗಳಿಗೆ ಬಹಿರಂಗವಾಗಿ ಕ್ಷಮೆ ಬೇಡಿದರು. 2016ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಧರ್ಮಸಭೆಯೊಳಗೆ ಅಸ್ಪೃಶ್ಯತೆ ನಡೆದಿದೆ ಎಂದು ಒಪ್ಪಿಕೊಂಡಿತು. ಇವು ನಿವೇದನೆ ಮತ್ತು ದುಃಖ. ಸ್ಮಶಾನದಲ್ಲಿ ಜಾತಿಯ ಗೋಡೆ ಉಳಿದಿರುವ ಕಡೆ ಅದನ್ನು ಕೆಡವುವುದು, ಶಾಲೆಯ ಸೀಟು, ಕೆಲಸ, ಹೊಣೆಗಾರಿಕೆಗಳಲ್ಲಿ ತಪ್ಪಿಹೋದ ಪಾಲನ್ನು ಕೊಡುವುದು ಪರಿಹಾರ. ಕೆಲಸದಾಕೆಯ ಏಳು ಸಾವಿರಕ್ಕೆ ಹಾಕಿದ ಲೆಕ್ಕವನ್ನೇ ಇಲ್ಲೂ ಹಾಕಬೇಕು.

ತಪಸ್ಸು ಕಾಲದ ಬಗ್ಗೆ ಎರಡು ಮಾತು. ವಿಭೂತಿ ಬುಧವಾರ ಹಣೆಗೆ ಹಚ್ಚುವ ಬೂದಿ ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟದ್ದು. ಅಂದಿನಿಂದ ಪಾಸ್ಕಕ್ಕೆ (ಈಸ್ಟರ್‌ಗೆ) 46 ದಿನ; ಆರು ಭಾನುವಾರ ಬಿಟ್ಟರೆ 40. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ: ಒಂದು ಪೂರ್ತಿ ಊಟ, ಎರಡು ಸಣ್ಣ ತಿನಿಸು, 18 ತುಂಬಿದವರಿಂದ 59 ತುಂಬುವವರೆಗೆ. ಮಾಂಸ ಬಿಡುವ ನಿಯಮ 14 ತುಂಬಿದವರಿಂದ ಆರಂಭ. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಹಾಲುಣಿಸುವವರು ದೇಹ ದಂಡಿಸಬೇಕಾಗಿಲ್ಲ.

ಇಷ್ಟು ಓದಿ, ಹತ್ತು ಇಪ್ಪತ್ತು ವರ್ಷ ದೂರ ಉಳಿದ ಯಾರಿಗಾದರೂ ಹೋಗಬೇಕೆನಿಸಿದರೆ, ಪಾಸ್ಕಕ್ಕೆ ಮುಂಚಿನ ಪವಿತ್ರ ವಾರದ ಕೊನೆಯ ದಿನಗಳಿಗೆ ಕಾಯಬೇಡಿ. ಆಗ ಹಿಂದೆ ಐವತ್ತು ಜನ ನಿಂತಿರುತ್ತಾರೆ, ನಿಮಗೂ ಅವಸರ, ಗುರುಗಳಿಗೂ ದಣಿವು. ವಾರದ ನಡುವಿನ ಒಂದು ದಿನ ಫೋನ್ ಮಾಡಿ ಸಮಯ ಕೇಳಿ. ತಕ್ಕ ರೀತಿಯಲ್ಲಿ ಕೇಳಿದವರ ನಿವೇದನೆ ಕೇಳಲು ಏರ್ಪಾಡು ಮಾಡುವುದು ಧರ್ಮಕೇಂದ್ರದ ಗುರುಗಳ ಕರ್ತವ್ಯವೆಂದು ಸಂಹಿತೆಯಲ್ಲೇ ಇದೆ. ನಿಮ್ಮ ಧರ್ಮಕೇಂದ್ರದವರೇ ಆಗಬೇಕೆಂದಿಲ್ಲ, ಮುಖಪರಿಚಯ ಮುಜುಗರವೆನಿಸಿದರೆ ಊರಿನ ಇನ್ನೊಂದು ತುದಿಗೆ ಹೋಗಿ. ಕನ್ನಡದಲ್ಲೇ ಹೇಳಬೇಕೆಂದರೆ ಕನ್ನಡ ಬಲ್ಲ ಗುರುಗಳನ್ನು ಕೇಳಿ. ನಾಚಿಕೆಯ ಮಾತನ್ನು ಅರೆಬರೆ ಇಂಗ್ಲಿಷಿನಲ್ಲಿ ಹೇಳಿ ಅರ್ಧ ಒಳಗೇ ಉಳಿಸಿಕೊಂಡು ಬರುವುದು ಬೇಡ. ಭಾಷೆ ಸಿಗದ ಕಡೆ ದುಭಾಷಿಯ ಮೂಲಕ ನಿವೇದಿಸಲೂ ಅವಕಾಶವಿದೆ, ಆ ದುಭಾಷಿಯೂ ಗೋಪ್ಯತೆಗೆ ಬದ್ಧರು. ಪ್ರಾರ್ಥನೆ ಮರೆತಿದೆ, ಕ್ರಮ ಮರೆತಿದೆ ಎಂದು ಹಿಂಜರಿಯಬೇಡಿ. ‘ಎಷ್ಟು ವರ್ಷವಾಯಿತೋ ನೆನಪಿಲ್ಲ, ದಾರಿ ತೋರಿಸಿ’ ಎಂದರೆ ಉಳಿದದ್ದನ್ನು ಅವರೇ ಕೇಳಿ ಕೇಳಿ ಹೇಳಿಸುತ್ತಾರೆ. ಯಾರಿಗಾದರೂ ಹಣ ಕೊಡುವುದಿದ್ದರೆ ಎಷ್ಟು, ಯಾವ ತಾರೀಖಿನಿಂದ ಕಂತು ಎಂಬುದನ್ನು ಮೊದಲೇ ಕೂಡಿಸಿ ನೋಡಿಕೊಂಡು ಹೋಗಿ. ಗುರುಗಳು ಕೇಳದಿದ್ದರೂ ನೀವೇ ಹೇಳಿ.

— ಕೆಲವು ಧರ್ಮೋಪದೇಶಕರು, ಬೆಂಗಳೂರು